ಶೇರ್ ಫೋಲ್ಡರ್‌ನಲ್ಲಿ ಹೊಸ ಫೈಲ್‌ಗೆ ತಪ್ಪು ಪರ್ಮಿಷನ್: ಯಾವ ರಿಪೇರಿ ಯಾರಿಗೆ?

ಆಫೀಸಿನಲ್ಲಿ ಒಬ್ಬರು ಶೇರ್ ಫೋಲ್ಡರ್‌ಗೆ ಹೊಸ ಎಕ್ಸೆಲ್ ಫೈಲ್ ಹಾಕುತ್ತಾರೆ. ಪಕ್ಕದ ಟೇಬಲ್‌ನವರು ತೆರೆದರೆ ಓದಲು ಮಾತ್ರ ಬರುತ್ತದೆ, ಸೇವ್ ಆಗುವುದಿಲ್ಲ. ಸರ್ವರ್ ಗೊತ್ತಿರುವವರು ಬಂದು ಪರ್ಮಿಷನ್ ಸರಿಮಾಡಿ ಹೋಗುತ್ತಾರೆ. ಎರಡು ದಿನ ಆರಾಮ. ಆಮೇಲೆ ಇನ್ನೊಂದು ಹೊಸ ಫೈಲ್, ಅದೇ ಗೋಳು.

ಕೆಟ್ಟಿರುವುದು ಆ ಫೈಲ್ ಅಲ್ಲ. ಹೊಸ ಫೈಲ್ ಹುಟ್ಟುವಾಗ ಅದಕ್ಕೆ ಏನು ಪರ್ಮಿಷನ್ ಸಿಗಬೇಕು ಎಂದು ಹೇಳುವ ನಿಯಮ ಕೆಟ್ಟಿದೆ. ಆ ನಿಯಮ ಬರೆಯಲು ಐದಾರು ಜಾಗಗಳಿವೆ ಎಂಬುದೇ ತಲೆನೋವು. ಒಬ್ಬರು ಯುಮಾಸ್ಕ್ (ಹೊಸ ಫೈಲ್‌ನಿಂದ ಕೆಲವು ಹಕ್ಕು ಕಳೆಯುವ ಲಿನಕ್ಸ್ ಸೆಟ್ಟಿಂಗ್) ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಸಾಂಬಾದಲ್ಲಿ (ಲಿನಕ್ಸ್ ಸರ್ವರ್‌ನ ಫೋಲ್ಡರ್ ಅನ್ನು ವಿಂಡೋಸ್‌ಗೆ ಶೇರ್ ಮಾಡುವ ಪ್ರೋಗ್ರಾಂ) ಮಾಸ್ಕ್ (ಹಕ್ಕುಗಳನ್ನು ಸೋಸುವ ಅಂಕಿ) ಹಾಕಿ ಎನ್ನುತ್ತಾರೆ. ಮತ್ತೊಬ್ಬರು ಎಸಿಎಲ್ (ಯಾರಿಗೆ ಯಾವ ಹಕ್ಕು ಎಂದು ಫೈಲ್ ಮೇಲೆ ಬರೆದಿಡುವ ಪಟ್ಟಿ) ಬಿಟ್ಟರೆ ಬೇರೆ ದಾರಿಯೇ ಇಲ್ಲ ಎನ್ನುತ್ತಾರೆ. ಮೂರೂ ಎಲ್ಲೋ ಒಂದು ಕಡೆ ಸರಿಯೇ. ನಿಮ್ಮ ಕಡೆ ಯಾವುದು ಸರಿ ಎಂದು ನೋಡೋಣ. ಇಲ್ಲಿ ಕಮಾಂಡ್ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಯಾವುದರಿಂದ ಅಳೆಯಬೇಕು

ಮೊದಲ ಪ್ರಶ್ನೆ: ಆ ಫೋಲ್ಡರ್‌ಗೆ ಫೈಲ್ ಎಷ್ಟು ದಾರಿಯಿಂದ ಬರುತ್ತದೆ? ಎಲ್ಲರೂ ವಿಂಡೋಸ್‌ನಿಂದ ಸಾಂಬಾ ಮೂಲಕವೇ ಬರೆಯುತ್ತಾರೆ ಎಂದರೆ ಅದು ಒಂದೇ ದಾರಿ. ಆದರೆ ಸ್ಕ್ಯಾನರ್ ಎಫ್‌ಟಿಪಿಯಲ್ಲಿ (ಫೈಲ್ ಕಳಿಸುವ ಹಳೆಯ ವಿಧಾನ) ಹಾಕುತ್ತದೆ, ಒಬ್ಬರು ಎಸ್‌ಎಫ್‌ಟಿಪಿಯಲ್ಲಿ (ಅದೇ ಕೆಲಸದ ಭದ್ರ ವಿಧಾನ) ತಳ್ಳುತ್ತಾರೆ, ಸರ್ವರ್‌ನಲ್ಲೇ ರಾತ್ರಿ ಒಂದು ಸ್ಕ್ರಿಪ್ಟ್ ಓಡುತ್ತದೆ ಅಂದರೆ ನಾಲ್ಕು ದಾರಿ. ಕೆಲವು ರಿಪೇರಿಗಳು ಒಂದೇ ದಾರಿಗೆ ಅನ್ವಯಿಸುತ್ತವೆ. ಉಳಿದ ದಾರಿಗಳಿಂದ ಬಂದ ಫೈಲ್ ಹಳೆಯ ತಪ್ಪಿನಲ್ಲೇ ಇರುತ್ತದೆ. ನನ್ನ ಪ್ರಕಾರ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ನಿರ್ಧಾರ ಆದ ಹಾಗೆ.

ಎರಡನೆಯದು, ಗುಂಪುಗಳು ಎಷ್ಟು. ಎಲ್ಲರೂ ಓದಿ ಬರೆಯಬಹುದಾದರೆ ಕೆಲಸ ಸುಲಭ. ಅಕೌಂಟ್ಸ್‌ನವರು ಬರೆಯಬೇಕು, ಸೇಲ್ಸ್‌ನವರು ಓದಬೇಕು, ಉಳಿದವರಿಗೆ ಕಾಣಲೇಬಾರದು ಎಂದ ತಕ್ಷಣ ಹಳೆಯ ಮಾಲೀಕ, ಗುಂಪು, ಇತರರು ಎಂಬ ಮೂರು ಮನೆ ಸಾಲುವುದಿಲ್ಲ.

ಮೂರನೆಯದು, ಫೈಲ್ ಯಾರು ಮಾಡಿದ್ದು ಎಂಬ ಗುರುತು ಉಳಿಯಬೇಕಾ? ಮನೆಯಲ್ಲಿ ಬೇಡ. ಆಡಿಟರ್ ಆಫೀಸಿನಲ್ಲಿ ಬೇಕು.

ನಾಲ್ಕನೆಯದು ಬ್ಯಾಕಪ್. ಡಿಸ್ಕ್ ಹೋಗಿ ಬ್ಯಾಕಪ್‌ನಿಂದ ಮರಳಿ ತಂದಾಗ ಈ ವ್ಯವಸ್ಥೆಯೂ ಮರಳಿ ಬರುತ್ತದಾ? ಕೊನೆಯದು, ಆರು ತಿಂಗಳ ನಂತರ ಇದನ್ನು ನೋಡಿಕೊಳ್ಳುವವರು ಯಾರು. ಲಿನಕ್ಸ್ ಗೊತ್ತಿರುವ ಒಬ್ಬರೇ ಇದ್ದು ಅವರು ಕೆಲಸ ಬಿಟ್ಟರೆ, ಬುದ್ಧಿವಂತ ಸೆಟ್ಟಿಂಗ್‌ಗಿಂತ ದಡ್ಡ ಸೆಟ್ಟಿಂಗ್ ವಾಸಿ.

ಮೊದಲು ತಪ್ಪು ಎಲ್ಲಿದೆ ನೋಡಿ

ಔಷಧ ಆರಿಸುವ ಮೊದಲು ಹತ್ತು ನಿಮಿಷ ಕೊಡಿ. ಪ್ರತಿ ದಾರಿಯಿಂದಲೂ ಒಂದೊಂದು ಹೊಸ ಫೈಲ್, ಒಂದೊಂದು ಹೊಸ ಫೋಲ್ಡರ್ ಮಾಡಿ. ಆಮೇಲೆ ಸರ್ವರ್ ಒಳಗೇ ಹೋಗಿ ಎಲ್‌ಎಸ್ ಮೈನಸ್ ಎಲ್ (ಮಾಲೀಕ, ಗುಂಪು, ಪರ್ಮಿಷನ್ ತೋರಿಸುತ್ತದೆ) ಮತ್ತು ಗೆಟ್‌ಎಫ್‌ಎಸಿಎಲ್ (ಎಸಿಎಲ್ ತೋರಿಸುತ್ತದೆ) ಕೊಟ್ಟು ನೋಡಿ. ಕ್ಲೈಂಟ್‌ನಲ್ಲಿ, ಅಂದರೆ ಶೇರ್ ಬಳಸುವ ಯಂತ್ರದಲ್ಲಿ, ನೋಡಬೇಡಿ. ಲಿನಕ್ಸ್ ಕ್ಲೈಂಟ್‌ನಲ್ಲಿ ಸಿಐಎಫ್‌ಎಸ್ ಮೌಂಟ್ ಮಾಡುವಾಗ (ಸಾಂಬಾ ಶೇರ್ ಅನ್ನು ಆ ಯಂತ್ರಕ್ಕೆ ಜೋಡಿಸುವಾಗ) ಕೊಡುವ ಫೈಲ್_ಮೋಡ್, ಡಿರ್_ಮೋಡ್ ಎಂಬ ಆಯ್ಕೆಗಳು ಸಾಮಾನ್ಯವಾಗಿ ಆ ಯಂತ್ರದಲ್ಲಿ ಕಾಣುವ ಅಂಕಿಯನ್ನಷ್ಟೇ ಬದಲಿಸುತ್ತವೆ. ಸರ್ವರ್‌ನಲ್ಲಿರುವ ನಿಜವಾದ ಪರ್ಮಿಷನ್ ಹಾಗೇ ಇರುತ್ತದೆ. ಎಷ್ಟೋ ಜನ ಇಲ್ಲಿ ಅಂಕಿ ಬದಲಿಸಿ, ರಿಪೇರಿ ಆಯಿತು ಎಂದುಕೊಳ್ಳುತ್ತಾರೆ.

ಪರ್ಮಿಷನ್ ಅಂಕಿಯ ಕೊನೆಯ ಮೂರು ಕ್ರಮವಾಗಿ ಮಾಲೀಕ, ಗುಂಪು, ಇತರರಿಗೆ. ಓದಲು 4, ಬರೆಯಲು 2, ಎಕ್ಸಿಕ್ಯೂಟ್‌ಗೆ (ಫೈಲ್ ಓಡಿಸಲು, ಫೋಲ್ಡರ್ ಒಳಗೆ ಹೋಗಲು) 1, ಇವನ್ನು ಕೂಡಿದ್ದೇ ಅಂಕಿ. ಒಂದೊಂದು ಹಕ್ಕೂ ಒಂದು ಬಿಟ್. ಎಲ್‌ಎಸ್ ಇದನ್ನೇ ಆರ್, ಡಬ್ಲ್ಯೂ, ಎಕ್ಸ್ ಅಕ್ಷರಗಳಲ್ಲಿ ತೋರಿಸುತ್ತದೆ. ಕಾಣುವ ಲಕ್ಷಣಗಳು ಹೀಗಿರುತ್ತವೆ. ಫೈಲ್ 0644 ಆಗಿದ್ದರೆ ಗುಂಪಿಗೆ ಬರೆಯುವ ಹಕ್ಕು ಸಿಕ್ಕಿಲ್ಲ, ಮಾಸ್ಕ್ ಕಡೆಯ ತೊಂದರೆ. ಗುಂಪಿನ ಹೆಸರು ಫೋಲ್ಡರ್‌ನದ್ದಲ್ಲ, ಫೈಲ್ ಮಾಡಿದವರ ಸ್ವಂತ ಗುಂಪಿನದ್ದು ಎಂದರೆ ಫೋಲ್ಡರ್‌ಗೆ ಸೆಟ್‌ಜಿಐಡಿ (ಹೊಸ ಫೈಲ್‌ಗೆ ಫೋಲ್ಡರ್‌ನ ಗುಂಪನ್ನೇ ಕೊಡುವ ಬಿಟ್) ಇಲ್ಲ. ವಿಂಡೋಸ್‌ನಿಂದ ಬಂದ ಪ್ರತಿ ಫೈಲ್‌ಗೂ ಸುಮ್ನೆ ಎಕ್ಸಿಕ್ಯೂಟ್ ಬಿಟ್ ಅಂಟಿದ್ದರೆ, ಸಾಂಬಾ ವಿಂಡೋಸ್‌ನ ಆರ್ಕೈವ್ ಗುರುತನ್ನು ಆ ಬಿಟ್‌ನಲ್ಲಿ ಇಡುತ್ತಿದೆ. ಸಾಂಬಾದ ಸ್ಟೋರ್ ಡಾಸ್ ಆಟ್ರಿಬ್ಯೂಟ್ಸ್ ಎಂಬ ಸೆಟ್ಟಿಂಗ್ ಆನ್ ಆಗಿದ್ದರೆ ಅದು ಆಗುವುದಿಲ್ಲ. ಮಾಲೀಕ ನೋಬಡಿ ಎಂದಿದ್ದರೆ ಗೆಸ್ಟ್ ಲಾಗಿನ್ ಆಗಿರಬಹುದು, ಇಲ್ಲವೇ ಎನ್‌ಎಫ್‌ಎಸ್‌ನ (ಲಿನಕ್ಸ್ ಯಂತ್ರಗಳ ನಡುವೆ ಫೋಲ್ಡರ್ ಶೇರ್ ಮಾಡುವ ವಿಧಾನ) ಸ್ಕ್ವಾಶ್, ಅಂದರೆ ಬಂದ ಬಳಕೆದಾರನನ್ನು ಅನಾಮಿಕನಾಗಿಸುವುದು, ಆಗಿರಬಹುದು.

ಅಂಕಿಗಳೆಲ್ಲ ಸರಿ ಇದ್ದೂ ಬರೆಯಲು ಬಿಡದಿದ್ದರೆ ಅದು ಪರ್ಮಿಷನ್ ಬಿಟ್‌ನ ತಪ್ಪೇ ಅಲ್ಲ. ಸಾಂಬಾದಲ್ಲಿ ಶೇರ್ ಹುಟ್ಟುವುದೇ ರೀಡ್ ಓನ್ಲಿ ಆಗಿ. ಅದನ್ನು ನೋ ಎಂದು ಬರೆಯದಿದ್ದರೆ 777 ಹಾಕಿದರೂ ಬರೆಯಲಾಗದು. ಫೆಡೋರಾ, ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ಎಸ್‌ಇಲಿನಕ್ಸ್ (ಪರ್ಮಿಷನ್ ಮೇಲಿನ ಇನ್ನೊಂದು ಭದ್ರತಾ ಪದರ) ಲೇಬಲ್ ಸಾಂಬಾ_ಶೇರ್_ಟಿ ಆಗಿದೆಯಾ ನೋಡಿ. ಇನ್ನೊಂದು: ಶೇರ್ ಇರುವುದು ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಪೆನ್‌ಡ್ರೈವಿನ ಮೇಲಾದರೆ ಅಲ್ಲಿ ಯುನಿಕ್ಸ್ ಪರ್ಮಿಷನ್ ಎಂಬುದೇ ಇಲ್ಲ. ಸಿಎಚ್‌ಮೋಡ್ (ಪರ್ಮಿಷನ್ ಬದಲಿಸುವ ಕಮಾಂಡ್) ಕೊಟ್ಟರೂ ಏನೂ ಬದಲಾಗದು. ಮೌಂಟ್ ಮಾಡುವಾಗ ಯುಐಡಿ, ಜಿಐಡಿ (ಮಾಲೀಕ, ಗುಂಪಿನ ಸಂಖ್ಯೆ), ಎಫ್‌ಮಾಸ್ಕ್, ಡಿಮಾಸ್ಕ್ (ಫೈಲ್, ಫೋಲ್ಡರ್‌ನ ಮಾಸ್ಕ್) ಕೊಡುವುದೊಂದೇ ದಾರಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಹಾರ್ಡ್‌ಡಿಸ್ಕ್ ಚುಚ್ಚಿ ಶೇರ್ ಮಾಡಿದವರು ಮುಂದಕ್ಕೆ ಓದುವ ಮೊದಲು ಇದನ್ನು ನೋಡಿಕೊಳ್ಳಿ.

ಆಗಾಗ ಸಿಎಚ್‌ಮೋಡ್ ಓಡಿಸುವುದು

ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ವ್ಯವಸ್ಥೆ) ಐದು ನಿಮಿಷಕ್ಕೊಮ್ಮೆ ಇಡೀ ಫೋಲ್ಡರ್‌ಗೆ 777 ಹಾಕುವ ಪದ್ಧತಿ ನಮ್ಮಲ್ಲಿ ಜಾಸ್ತಿ. ಖರ್ಚಿಲ್ಲ, ಯಾವ ದಾರಿಯಿಂದ ಬಂದ ಫೈಲ್‌ಗೂ ಕೆಲಸ ಮಾಡುತ್ತದೆ, ಅದು ನಿಜ. ಆದರೆ ಆ ಐದು ನಿಮಿಷ ತಪ್ಪು ಇದ್ದೇ ಇರುತ್ತದೆ. ಫೈಲ್ ಲಕ್ಷಗಟ್ಟಲೆ ಆದರೆ ಡಿಸ್ಕ್ ಏದುಸಿರು ಬಿಡುತ್ತದೆ. ಎಸಿಎಲ್ ಇರುವ ಕಡೆ ಇದು ಅದನ್ನೂ ಹಾಳು ಮಾಡುತ್ತದೆ.

ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ವರ್ಡ್, ಎಕ್ಸೆಲ್‌ನಂಥ ಪ್ರೋಗ್ರಾಂಗಳು ಸೇವ್ ಮಾಡುವಾಗ ಹಳೆಯ ಫೈಲ್‌ನ ಮೇಲೆಯೇ ಬರೆಯುವುದಿಲ್ಲ. ತಾತ್ಕಾಲಿಕ ಹೊಸ ಫೈಲ್ ಮಾಡಿ, ಅದರಲ್ಲಿ ಬರೆದು, ಕೊನೆಗೆ ಹೆಸರು ಬದಲಿಸುತ್ತವೆ. ಅಂದರೆ ಪ್ರತಿ ಸೇವ್‌ಗೂ ಒಂದು ಹೊಸ ಫೈಲ್ ಹುಟ್ಟುತ್ತದೆ. ನೀವು ಬೆಳಿಗ್ಗೆ ಸರಿಮಾಡಿದ ಪರ್ಮಿಷನ್ ಮಧ್ಯಾಹ್ನದ ಸೇವ್‌ನಲ್ಲಿ ಹಾರಿ ಹೋಗುತ್ತದೆ. ಮಾಲೀಕರ ಹೆಸರೂ ಬದಲಾಗಬಹುದು. ಹಾಗಾಗಿ ಈ ದಾರಿಯನ್ನು ಹಳೆಯ ಫೈಲ್‌ಗಳನ್ನು ಒಮ್ಮೆ ಸರಿಮಾಡಲು ಮಾತ್ರ ಬಳಸಿ. ಆಗಲೂ 777 ಬೇಡ. ಗುಂಪಿಗೆ ಓದು, ಬರಹ ಮತ್ತು ದೊಡ್ಡಕ್ಷರದ ಎಕ್ಸ್ ಕೊಡಿ. ದೊಡ್ಡ ಎಕ್ಸ್ ಕೊಟ್ಟರೆ ಫೋಲ್ಡರ್‌ಗಳಿಗೆ ಎಕ್ಸಿಕ್ಯೂಟ್ ಸಿಗುತ್ತದೆ. ಫೈಲ್‌ಗಳಲ್ಲಿ ಮೊದಲೇ ಆ ಬಿಟ್ ಇದ್ದವಕ್ಕೆ ಮಾತ್ರ ಸಿಗುತ್ತದೆ.

ಯುಮಾಸ್ಕ್ ಜೊತೆಗೆ ಸೆಟ್‌ಜಿಐಡಿ

ಯುಮಾಸ್ಕ್ ಒಂದು ಜರಡಿ. ಪ್ರೋಗ್ರಾಂ ಸಾಮಾನ್ಯವಾಗಿ ಫೈಲ್‌ಗೆ 0666, ಫೋಲ್ಡರ್‌ಗೆ 0777 ಕೇಳುತ್ತದೆ. 022 ಎಂಬ ಜರಡಿ ಗುಂಪು ಮತ್ತು ಇತರರ ಬರೆಯುವ ಬಿಟ್ ತಡೆದು 0644, 0755 ಬಿಡುತ್ತದೆ. 002 ಇಟ್ಟರೆ 0664, 0775 ಸಿಗುತ್ತದೆ. ಅದು ಕಳೆಯಬಲ್ಲದು, ಸೇರಿಸಲಾರದು. ಪ್ರೋಗ್ರಾಂ ಮೊದಲೇ 0600 ಕೇಳಿದರೆ ಯುಮಾಸ್ಕ್ ಏನು ಇಟ್ಟರೂ ಅಷ್ಟೇ.

ಫೋಲ್ಡರ್‌ಗೆ ಸೆಟ್‌ಜಿಐಡಿ, ಅಂದರೆ 2775 ಎಂದು ಕೊಟ್ಟರೆ ಒಳಗೆ ಹುಟ್ಟುವ ಫೈಲ್‌ಗಳಿಗೆ ಫೋಲ್ಡರ್‌ನ ಗುಂಪೇ ಬರುತ್ತದೆ. ಒಳಗಿನ ಹೊಸ ಫೋಲ್ಡರ್‌ಗಳಿಗೂ ಆ ಬಿಟ್ ಹರಿಯುತ್ತದೆ. ಇದು ಗುಂಪನ್ನು ಸರಿಮಾಡುತ್ತದೆ, ಬರೆಯುವ ಹಕ್ಕನ್ನಲ್ಲ. ಅದಕ್ಕೇ ಎರಡನ್ನೂ ಜೊತೆಗೆ ಇಡಬೇಕು.

ಈಗ ಮುಖ್ಯ ಮಾತು. ಸಾಂಬಾದ ಎಸ್‌ಎಂಬಿಡಿ (ಶೇರ್ ನಡೆಸುವ ಅದರ ಮುಖ್ಯ ಪ್ರೋಗ್ರಾಂ) ತನ್ನ ಯುಮಾಸ್ಕ್ ಅನ್ನು ಸೊನ್ನೆ ಮಾಡಿಕೊಂಡು ತನ್ನದೇ ಮಾಸ್ಕ್ ಬಳಸುತ್ತದೆ. ನೀವು ಸಿಸ್ಟಮ್‌ನ ಪ್ರೊಫೈಲ್ ಫೈಲ್‌ನಲ್ಲಿ ಯುಮಾಸ್ಕ್ ಎಷ್ಟು ಬದಲಿಸಿದರೂ ಸಾಂಬಾ ಶೇರ್‌ನಲ್ಲಿ ಒಂದು ಬಿಟ್ ಕೂಡ ಅಲುಗುವುದಿಲ್ಲ. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ವ್ಯವಸ್ಥೆ) ನಡೆಸುವ ಸೇವೆಗಳೂ ಆ ಪ್ರೊಫೈಲ್ ಓದುವುದಿಲ್ಲ. ಅವಕ್ಕೆ ಯೂನಿಟ್ ಫೈಲ್‌ನಲ್ಲೇ (ಆ ಸೇವೆಯ ಸೆಟ್ಟಿಂಗ್ ಫೈಲ್) ಯುಮಾಸ್ಕ್ ಬರೆಯಬೇಕು. ಎಸ್‌ಎಫ್‌ಟಿಪಿಗೆ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ವಿಧಾನ) ಒಳಗಿನ ಇಂಟರ್ನಲ್-ಎಸ್‌ಎಫ್‌ಟಿಪಿಯಲ್ಲಿ ಮೈನಸ್ ಯು ಆಯ್ಕೆ ಬೇರೆ ಇದೆ. ಕ್ಲೈಂಟ್ 0644 ಎಂದೇ ಕಳಿಸಿದರೆ ಅದೂ ಏನೂ ಮಾಡಲಾರದು.

ಹಾಗಾದರೆ ಯಾರಿಗೆ? ಎಲ್ಲರೂ ಲಿನಕ್ಸ್‌ನವರೇ, ಎಸ್‌ಎಸ್‌ಎಚ್ ಅಥವಾ ಎನ್‌ಎಫ್‌ಎಸ್ ಮೂಲಕವೇ ಕೆಲಸ ಎನ್ನುವ ಲ್ಯಾಬ್‌ಗಳಿಗೆ ಚೆನ್ನಾಗಿ ಒಗ್ಗುತ್ತದೆ. ಬ್ಯಾಕಪ್‌ನಲ್ಲೂ ಸುಲಭವಾಗಿ ಉಳಿಯುತ್ತದೆ. ವಿಂಡೋಸ್ ಆಫೀಸಿಗೆ ಸೆಟ್‌ಜಿಐಡಿ ಅರ್ಧವನ್ನಷ್ಟೇ ತೆಗೆದುಕೊಳ್ಳಿ, ಉಳಿದದ್ದು ಮುಂದೆ ಇದೆ.

ಸಾಂಬಾದ ಸ್ವಂತ ಮಾಸ್ಕ್‌ಗಳು

ಮೊದಲಲ್ಲಿ ಹೇಳಿದ ಎಕ್ಸೆಲ್ ಗೋಳಿಗೆ ಬಹಳ ಸಲ ಕಾರಣ ಇಲ್ಲೇ ಇರುತ್ತದೆ. ಸಾಂಬಾದ ಸೆಟ್ಟಿಂಗ್ ಫೈಲ್‌ನಲ್ಲಿ ಏನೂ ಬರೆಯದಿದ್ದರೆ ಕ್ರಿಯೇಟ್ ಮಾಸ್ಕ್ 0744, ಡೈರೆಕ್ಟರಿ ಮಾಸ್ಕ್ 0755. ಗುಂಪಿಗೆ ಬರೆಯುವ ಬಿಟ್ ಹುಟ್ಟುವಾಗಲೇ ಕತ್ತರಿಸಿ ಹೋಗುತ್ತದೆ. ಇದು ಬಗ್ ಅಲ್ಲ, ಎಚ್ಚರಿಕೆಯ ಡೀಫಾಲ್ಟ್. ಆದರೆ ಹಂಚಿಕೊಂಡು ಕೆಲಸ ಮಾಡುವ ಆಫೀಸಿಗೆ ತಪ್ಪು ಡೀಫಾಲ್ಟ್.

ಲೆಕ್ಕ ಹೀಗೆ. ವಿಂಡೋಸ್ ಕೇಳಿದ್ದರಿಂದ ಸಾಂಬಾ ಒಂದು ಮೋಡ್ ಊಹಿಸುತ್ತದೆ. ಅದನ್ನು ಕ್ರಿಯೇಟ್ ಮಾಸ್ಕ್‌ನಿಂದ ಸೋಸುತ್ತದೆ. ಆಮೇಲೆ ಫೋರ್ಸ್ ಕ್ರಿಯೇಟ್ ಮೋಡ್‌ನಲ್ಲಿರುವ ಬಿಟ್‌ಗಳನ್ನು ಕಡ್ಡಾಯವಾಗಿ ಸೇರಿಸುತ್ತದೆ. ಫೋಲ್ಡರ್‌ಗೂ ಹಾಗೇ ಡೈರೆಕ್ಟರಿ ಮಾಸ್ಕ್, ಫೋರ್ಸ್ ಡೈರೆಕ್ಟರಿ ಮೋಡ್. ಮಾಸ್ಕ್ ಎಂದರೆ ಇದಕ್ಕಿಂತ ಜಾಸ್ತಿ ಬೇಡ, ಫೋರ್ಸ್ ಎಂದರೆ ಇದಕ್ಕಿಂತ ಕಡಿಮೆ ಬೇಡ. ಹೀಗೆ ನೆನಪಿಟ್ಟರೆ ಗೊಂದಲ ಆಗದು.

ಸಣ್ಣ ಆಫೀಸಿಗೆ ನಾನು ಹೇಳುವುದು ಇಷ್ಟು. ಕ್ರಿಯೇಟ್ ಮಾಸ್ಕ್ = 0664, ಫೋರ್ಸ್ ಕ್ರಿಯೇಟ್ ಮೋಡ್ = 0664, ಡೈರೆಕ್ಟರಿ ಮಾಸ್ಕ್ = 2775, ಫೋರ್ಸ್ ಡೈರೆಕ್ಟರಿ ಮೋಡ್ = 2775. ಜೊತೆಗೆ ಫೋರ್ಸ್ ಗ್ರೂಪ್ ಎಂದು ಆ ತಂಡದ ಗುಂಪಿನ ಹೆಸರು. ಹೊರಗಿನವರಿಗೆ ಓದಲೂ ಬರಬಾರದು ಎಂದರೆ 0660, 2770. ಗುಂಪಿನ ಹೆಸರಿನ ಮುಂದೆ ಪ್ಲಸ್ ಚಿಹ್ನೆ ಇಟ್ಟರೆ, ಮೊದಲೇ ಆ ಗುಂಪಿನಲ್ಲಿ ಇರುವವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಪ್ಲಸ್ ಇಲ್ಲದಿದ್ದರೆ ಶೇರ್‌ಗೆ ಬಂದ ಎಲ್ಲರಿಗೂ ಆ ಗುಂಪಿನ ಹಕ್ಕು ಸಿಕ್ಕಿಬಿಡುತ್ತದೆ. ಸಣ್ಣ ಚಿಹ್ನೆ, ದೊಡ್ಡ ವ್ಯತ್ಯಾಸ.

ಹಳೆಯ ಲೇಖನಗಳಲ್ಲಿ ಸೆಕ್ಯುರಿಟಿ ಮಾಸ್ಕ್, ಡೈರೆಕ್ಟರಿ ಸೆಕ್ಯುರಿಟಿ ಮಾಸ್ಕ್ ಎಂದು ಕಂಡರೆ ಬಿಟ್ಟುಬಿಡಿ. 2012ರಲ್ಲಿ ಬಂದ ಸಾಂಬಾ 4.0ರಲ್ಲೇ ಅವನ್ನು ತೆಗೆದುಹಾಕಿದ್ದಾರೆ. ಬದಲಾವಣೆ ಆದ ಮೇಲೆ ಟೆಸ್ಟ್‌ಪಾರ್ಮ್ ಓಡಿಸಿ. ಅಕ್ಷರ ತಪ್ಪಿದ ಸೆಟ್ಟಿಂಗ್ ಇದ್ದರೆ ಅದು ಹೇಳುತ್ತದೆ. ವಿಂಡೋಸ್ ಯಂತ್ರ ಹಳೆಯ ಸಂಪರ್ಕವನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ಕಡಿದು ಮತ್ತೆ ಜೋಡಿಸಿ ಪರೀಕ್ಷೆ ಮಾಡಿ.

ಇದರ ಒಳ್ಳೆಯದು: ನಾಲ್ಕೈದು ಸಾಲು, ಯಾರು ಓದಿದರೂ ಅರ್ಥ ಆಗುತ್ತದೆ, ಮಾಲೀಕರ ಹೆಸರು ಉಳಿಯುತ್ತದೆ. ಕೆಟ್ಟದ್ದು: ಸಾಂಬಾ ಒಂದೇ ದಾರಿಗೆ. ಸರ್ವರ್‌ನಲ್ಲಿ ಓಡುವ ಸ್ಕ್ರಿಪ್ಟ್‌ಗೆ ಈ ನಿಯಮ ಗೊತ್ತೇ ಇಲ್ಲ. ಮ್ಯಾಕ್ ಬಳಸುವವರಿದ್ದು ಫ್ರೂಟ್ ಮಾಡ್ಯೂಲ್ (ಮ್ಯಾಕ್‌ಗಾಗಿ ಸಾಂಬಾದಲ್ಲಿರುವ ಸೇರ್ಪಡೆ) ಹಾಕಿದ್ದರೆ ಇನ್ನೊಂದು ಕಿರಿಕಿರಿ. ಆ ಮಾಡ್ಯೂಲ್ ಡೀಫಾಲ್ಟ್ ಆಗಿ ಮ್ಯಾಕ್‌ಗೆ ಯುನಿಕ್ಸ್ ಮೋಡ್ ಬದಲಿಸಲು ಬಿಡುತ್ತದೆ. ನಿಮ್ಮ ಮಾಸ್ಕ್ ಸರಿಯಿದ್ದರೂ ಮ್ಯಾಕ್‌ನಿಂದ ಬಂದ ಫೈಲ್ ಮಾತ್ರ ಬೇರೆ ಮೋಡ್‌ನಲ್ಲಿ ಕೂರುತ್ತದೆ. ಫ್ರೂಟ್:ಎನ್‌ಎಫ್‌ಎಸ್_ಏಸಸ್ = ನೋ ಎಂದು ಬರೆಯಿರಿ.

ಇದೇ ಮನೆಯ ಇನ್ನೊಂದು ಆಯ್ಕೆ ಇನ್‌ಹೆರಿಟ್ ಪರ್ಮಿಷನ್ಸ್. ಅದನ್ನು ಯೆಸ್ ಮಾಡಿದರೆ ಮೇಲಿನ ನಾಲ್ಕೂ ಅಂಕಿಗಳು ಬದಿಗೆ ಸರಿಯುತ್ತವೆ. ಹೊಸ ಫೋಲ್ಡರ್‌ಗೆ ಮೇಲಿನ ಫೋಲ್ಡರ್‌ನ ಪರ್ಮಿಷನ್ನೇ ಬರುತ್ತದೆ, ಸೆಟ್‌ಜಿಐಡಿಯೂ ಸೇರಿ. ಹೊಸ ಫೈಲ್‌ಗೆ ಅದರ ಓದು, ಬರಹದ ಬಿಟ್‌ಗಳು ಬರುತ್ತವೆ. ಒಂದೇ ಶೇರ್ ಒಳಗೆ ಒಂದು ಫೋಲ್ಡರ್ ಎಲ್ಲರಿಗೂ, ಇನ್ನೊಂದು ಕೆಲವರಿಗೆ ಎಂದಿದ್ದರೆ ಇದು ಮಾಸ್ಕ್‌ಗಿಂತ ಮೇಲು. ಎರಡನ್ನೂ ಬರೆದಿಟ್ಟು, ಮಾಸ್ಕ್ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳಬೇಡಿ, ಅಷ್ಟೇ.

ಫೋರ್ಸ್ ಯೂಸರ್

ಇದೂ ಸಾಂಬಾದ್ದೇ ಸೆಟ್ಟಿಂಗ್. ಯಾರು ಬಂದು ಬರೆದರೂ ಒಬ್ಬನೇ ಬಳಕೆದಾರನ ಹೆಸರಿನಲ್ಲಿ ಬರೆಯಿಸುವುದು. ಎಲ್ಲ ಫೈಲ್‌ಗೂ ಒಬ್ಬನೇ ಮಾಲೀಕ, ಆದ್ದರಿಂದ ಜಗಳವೇ ಇಲ್ಲ. ಮನೆಯ ಸಿನಿಮಾ, ಹಾಡು, ಫೋಟೊ ಶೇರ್‌ಗೆ ಇದಕ್ಕಿಂತ ಸುಲಭ ಯಾವುದೂ ಇಲ್ಲ. ಮೀಡಿಯಾ ಸರ್ವರ್ ಅನ್ನು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಓಡಿಸುವವರು ಅದರ ಪಿಯುಐಡಿ, ಪಿಜಿಐಡಿಯನ್ನು (ಯಾವ ಬಳಕೆದಾರ, ಗುಂಪಾಗಿ ಓಡಬೇಕು ಎಂಬ ಸಂಖ್ಯೆ) ಇದೇ ಬಳಕೆದಾರನಿಗೆ ಹೊಂದಿಸಿದರೆ ಆ ಕಡೆಯ ದಾರಿಯೂ ಸರಿಯಾಗುತ್ತದೆ. ಆಫೀಸಿಗೆ ಬೇಡ. ಯಾರ ಫೈಲ್ ಯಾರು ಬದಲಿಸಿದರು ಎಂದು ಮಾಲೀಕರ ಹೆಸರಿನಿಂದ ತಿಳಿಯುವುದು ನಿಂತುಹೋಗುತ್ತದೆ.

ಡೀಫಾಲ್ಟ್ ಎಸಿಎಲ್

ದಾರಿಗಳು ಹಲವು ಇದ್ದಾಗ ನಾನು ಮೊದಲು ನೋಡುವುದು ಇದನ್ನೇ. ಇಲ್ಲಿ ನಿಯಮ ಸಾಂಬಾದಲ್ಲೂ ಇಲ್ಲ, ಶೆಲ್‌ನಲ್ಲೂ ಇಲ್ಲ. ಫೋಲ್ಡರ್ ಮೇಲೇ ಕೂತಿರುತ್ತದೆ. ಅಲ್ಲಿಗೆ ಯಾವ ದಾರಿಯಿಂದ ಬಂದರೂ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ಅನ್ವಯಿಸುತ್ತದೆ. ಡೀಫಾಲ್ಟ್ ಎಸಿಎಲ್ ಇರುವ ಫೋಲ್ಡರ್‌ನಲ್ಲಿ ಯುಮಾಸ್ಕ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದಕ್ಕಿಂತ ಹೆಚ್ಚು ಗುಂಪುಗಳಿಗೆ ಬೇರೆ ಬೇರೆ ಹಕ್ಕು ಕೊಡಬಹುದು. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಎಂಬ ಲಿನಕ್ಸ್ ಫೈಲ್ ಸಿಸ್ಟಮ್‌ಗಳಲ್ಲಿ ಈಗ ಬೇರೆ ಏನೂ ಆನ್ ಮಾಡಬೇಕಿಲ್ಲ.

ಸೆಟ್‌ಎಫ್‌ಎಸಿಎಲ್ (ಎಸಿಎಲ್ ಹಾಕುವ ಕಮಾಂಡ್) ಎರಡು ಸಲ ಕೊಡಬೇಕು. ಒಮ್ಮೆ ಈಗಿರುವ ಫೈಲ್‌ಗಳಿಗೆ, ಒಮ್ಮೆ ಮೈನಸ್ ಡಿ ಹಾಕಿ ಮುಂದೆ ಹುಟ್ಟುವವಕ್ಕೆ. ಡಿ ಮಾತ್ರ ಕೊಟ್ಟರೆ ಹಳೆಯ ಫೈಲ್‌ಗಳು ಹಾಗೇ ಇರುತ್ತವೆ. ಡಿ ಬಿಟ್ಟರೆ ನಾಳೆಯಿಂದ ಮತ್ತೆ ಮೊದಲಿನ ಕಥೆ.

ತೊಂದರೆ ಕೊಡುವುದು ಮಾಸ್ಕ್ ಎಂಬ ಸಾಲು. ಎಸಿಎಲ್ ಇರುವ ಫೈಲ್‌ನಲ್ಲಿ ಎಲ್‌ಎಸ್ ತೋರಿಸುವ ಗುಂಪಿನ ಮೂರು ಅಕ್ಷರ ಗುಂಪಿನದ್ದಲ್ಲ, ಮಾಸ್ಕ್‌ನದ್ದು. ಗುಂಪುಗಳಿಗೆ ಮತ್ತು ಹೆಸರಿಸಿದ ಬಳಕೆದಾರರಿಗೆ ಸಿಗುವ ಹಕ್ಕಿಗೆ ಅದು ಮೇಲಿನ ಮಿತಿ. ಯಾರಾದರೂ ಸಿಎಚ್‌ಮೋಡ್ 644 ಕೊಟ್ಟರೆ ಮಾಸ್ಕ್ ಕುಗ್ಗಿ ಮಾಲೀಕರನ್ನು ಬಿಟ್ಟು ಎಲ್ಲರ ಬರೆಯುವ ಹಕ್ಕೂ ಸತ್ತುಹೋಗುತ್ತದೆ. ಗೆಟ್‌ಎಫ್‌ಎಸಿಎಲ್‌ನಲ್ಲಿ ಗುಂಪಿನ ಅಥವಾ ಬಳಕೆದಾರರ ಸಾಲಿನ ಪಕ್ಕ 'ಎಫೆಕ್ಟಿವ್' ಎಂದು ಕಡಿಮೆ ಹಕ್ಕು ಕಂಡರೆ ಇದೇ ಕಾರಣ. ಪ್ರೋಗ್ರಾಂ 0600 ಕೇಳಿ ತಾತ್ಕಾಲಿಕ ಫೈಲ್ ಮಾಡಿದಾಗಲೂ, ಸಿಪಿ ಮೈನಸ್ ಪಿ ಎಂದು ಹಳೆಯ ಮೋಡ್ ಉಳಿಸಿ ಕಾಪಿ ಮಾಡಿದಾಗಲೂ ಹೀಗೇ ಆಗುತ್ತದೆ. ಎಸಿಎಲ್ ಹಾಕಿದ ಫೋಲ್ಡರ್‌ನಲ್ಲಿ ಸಿಎಚ್‌ಮೋಡ್ ಕೊಡುವ ಅಭ್ಯಾಸ ಬಿಡಲೇಬೇಕು. ಬಿಡದ ಸಹೋದ್ಯೋಗಿ ಇದ್ದರೆ ಈ ಆಯ್ಕೆಯನ್ನೇ ಬಿಡಿ ಎನ್ನುತ್ತೇನೆ, ತಮಾಷೆಗಲ್ಲ.

ಸಾಂಬಾ ಜೊತೆ ಬಳಸುವಾಗ ಇನ್‌ಹೆರಿಟ್ ಎಸಿಎಲ್ಸ್ = ಯೆಸ್ ಬರೆಯಿರಿ, ಕ್ರಿಯೇಟ್ ಮಾಸ್ಕ್ ಅನ್ನೂ 0660 ಅಥವಾ 0770ಕ್ಕೆ ಏರಿಸಿ. 0744ರಲ್ಲೇ ಬಿಟ್ಟರೆ ಅದು ಗುಂಪಿನ ಹಕ್ಕನ್ನು ಮತ್ತೆ ಕತ್ತರಿಸಬಹುದು. ಬ್ಯಾಕಪ್‌ನಲ್ಲೂ ಹುಷಾರು. ಆರ್‌ಸಿಂಕ್ (ಫೈಲ್ ಕಾಪಿ ಮಾಡುವ ಕಮಾಂಡ್) ಮೈನಸ್ ಎ ಸಣ್ಣಕ್ಷರ ಎಸಿಎಲ್ ಒಯ್ಯುವುದಿಲ್ಲ, ದೊಡ್ಡ ಎ ಕೂಡ ಬೇಕು. ಟಾರ್‌ಗೆ (ಫೈಲ್‌ಗಳನ್ನು ಒಂದೇ ಕಟ್ಟು ಮಾಡುವ ಕಮಾಂಡ್) ಎಸಿಎಲ್ಸ್ ಎಂಬ ಆಯ್ಕೆ ಪ್ರತ್ಯೇಕ ಕೊಡಬೇಕು.

ಎನ್‌ಎಫ್‌ಎಸ್ ಇರುವವರಿಗೆ

ಸಾಂಬಾದಂತೆ ಮಾಸ್ಕ್ ಹಾಕುವ ಜಾಗ ಎನ್‌ಎಫ್‌ಎಸ್ ಸರ್ವರ್‌ನಲ್ಲಿ ಇಲ್ಲ. ಫೈಲ್ ಬರೆಯುವ ಯಂತ್ರದ ಯುಮಾಸ್ಕ್ ನಡೆಯುತ್ತದೆ. ಹತ್ತು ಯಂತ್ರ ಇದ್ದರೆ ಹತ್ತರಲ್ಲೂ ಬದಲಿಸಬೇಕು. ಡೀಫಾಲ್ಟ್ ಎಸಿಎಲ್ ಹಾಕಿ ತಪ್ಪಿಸಿಕೊಳ್ಳೋಣ ಎಂದರೆ ಆವೃತ್ತಿ ನೋಡಬೇಕು. ಹಳೆಯ ಆವೃತ್ತಿಗಳಲ್ಲಿ ಕ್ಲೈಂಟ್ ಮೊದಲೇ ಯುಮಾಸ್ಕ್ ಕಳೆದು ಕಳಿಸಿಬಿಡುವುದರಿಂದ ಎಸಿಎಲ್ ಪೂರ್ತಿ ಫಲ ಕೊಡದೆ ಇರಬಹುದು. 4.2ರಲ್ಲಿ ಮೋಡ್ ಮತ್ತು ಯುಮಾಸ್ಕ್ ಎರಡನ್ನೂ ಬೇರೆ ಬೇರೆ ಕಳಿಸುವ ವ್ಯವಸ್ಥೆ ಇದೆ. ನಿರ್ಧಾರ ಸರ್ವರ್‌ನದ್ದು.

ಇದರಿಂದಲೇ ಒಂದು ವಿಚಿತ್ರ ತೊಂದರೆಯೂ ಬಂದಿತ್ತು. ಎಸಿಎಲ್ ಆಫ್ ಆಗಿರುವ ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಮೇಲಿನ ಶೇರ್ ಅನ್ನು 4.2ರಲ್ಲಿ ಮೌಂಟ್ ಮಾಡಿದರೆ ಯುಮಾಸ್ಕ್ ಯಾರೂ ಕಳೆಯದೆ ಫೈಲ್ 0666, ಫೋಲ್ಡರ್ 0777 ಆಗಿ ಹುಟ್ಟುತ್ತಿತ್ತು. ಕರ್ನಲ್‌ನಲ್ಲಿ 2020ರಲ್ಲಿ ಸರಿಮಾಡಿದರು. ಹಳೆಯ ಕರ್ನಲ್‌ನಲ್ಲೇ ಸಿಕ್ಕಿಕೊಂಡಿದ್ದರೆ ಡೇಟಾಸೆಟ್‌ಗೆ (ಜೆಡ್‌ಎಫ್‌ಎಸ್‌ನ ಒಂದು ವಿಭಾಗ) ಎಸಿಎಲ್‌ಟೈಪ್ = ಪೋಸಿಕ್ಸ್‌ಎಸಿಎಲ್ ಕೊಡಿ, ಇಲ್ಲವೇ 4.1ರಲ್ಲಿ ಮೌಂಟ್ ಮಾಡಿ.

ಒಬ್ಬರು ಬಹಳ ಗುಂಪುಗಳಲ್ಲಿದ್ದು ಕೆಲವು ಫೋಲ್ಡರ್ ಮಾತ್ರ ತೆರೆಯದಿದ್ದರೆ ಮಾಸ್ಕ್ ಹುಡುಕುತ್ತಾ ಕೂರಬೇಡಿ. ಸಾಮಾನ್ಯ ಎನ್‌ಎಫ್‌ಎಸ್ ದೃಢೀಕರಣದಲ್ಲಿ 16 ಗುಂಪುಗಳಷ್ಟೇ ಹೋಗುತ್ತವೆ. ಸರ್ವರ್‌ನ ಮೌಂಟ್‌ಡಿಗೆ (ಎನ್‌ಎಫ್‌ಎಸ್ ಮೌಂಟ್ ನೋಡಿಕೊಳ್ಳುವ ಪ್ರೋಗ್ರಾಂ) ಮ್ಯಾನೇಜ್-ಜಿಐಡಿಎಸ್ ಆಯ್ಕೆ ಕೊಟ್ಟರೆ ಸರ್ವರ್ ತಾನೇ ಗುಂಪು ನೋಡಿಕೊಳ್ಳುತ್ತದೆ.

ವಿಂಡೋಸ್ ಬಗೆಯ ಎಸಿಎಲ್, ಮತ್ತು ದುಡ್ಡು ಕೊಟ್ಟು ಕೊಳ್ಳುವುದು

ಇಲಾಖೆಗಳು ಹೆಚ್ಚು, ಎಲ್ಲರೂ ವಿಂಡೋಸ್, ಆಕ್ಟಿವ್ ಡೈರೆಕ್ಟರಿ (ವಿಂಡೋಸ್‌ನ ಕೇಂದ್ರ ಲಾಗಿನ್ ವ್ಯವಸ್ಥೆ) ಇದೆ ಎಂದರೆ ಸಾಂಬಾದಲ್ಲಿ ಎಸಿಎಲ್_ಎಕ್ಸ್‌ಆಟರ್ ಮಾಡ್ಯೂಲ್ ಹಾಕಿ. ಆಮೇಲೆ ವಿಂಡೋಸ್‌ನ ಸೆಕ್ಯುರಿಟಿ ಟ್ಯಾಬ್‌ನಿಂದಲೇ ಎಲ್ಲ ನಡೆಯುತ್ತದೆ. ಇಲ್ಲಿ ಫೋರ್ಸ್ ಮೋಡ್‌ಗಳನ್ನು ಬೆರೆಸಬೇಡಿ. ಹಕ್ಕುಗಳು ಫೈಲ್‌ನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲಿ (ಫೈಲ್ ಜೊತೆ ಅಂಟಿರುವ ಹೆಚ್ಚುವರಿ ಮಾಹಿತಿ) ಕೂರುತ್ತವೆ. ಹಾಗಾಗಿ ಆರ್‌ಸಿಂಕ್ ಬ್ಯಾಕಪ್ ರೂಟ್ (ಎಲ್ಲ ಹಕ್ಕೂ ಇರುವ ಬಳಕೆದಾರ) ಆಗಿ, ದೊಡ್ಡ ಎಕ್ಸ್ ಆಯ್ಕೆಯೊಂದಿಗೆ ಓಡಬೇಕು.

ಸರ್ವರ್ ಬೇಡ, ಒಂದು ವಿಂಡೋಸ್ ಪಿಸಿಯಿಂದಲೇ ಶೇರ್ ಮಾಡುತ್ತೇವೆ ಎನ್ನುವ ಅಂಗಡಿ, ಆಫೀಸುಗಳೂ ಬಹಳ. ವಿಂಡೋಸ್ 10, 11ರಲ್ಲಿ ಏಕಕಾಲಕ್ಕೆ 20 ಸಂಪರ್ಕ ಮಿತಿ. ಅದಕ್ಕಿಂತ ಬೆಳೆದರೆ ವಿಂಡೋಸ್ ಸರ್ವರ್, ಅದರ ಮೇಲೆ ಪ್ರತಿ ಬಳಕೆದಾರನಿಗೋ ಯಂತ್ರಕ್ಕೋ ಕ್ಯಾಲ್ ಲೈಸೆನ್ಸ್ (ಸರ್ವರ್ ಬಳಸುವ ಅನುಮತಿ). ದುಡ್ಡು ಏರುವುದು ಅಲ್ಲೇ. ವಿಂಡೋಸ್‌ನಲ್ಲಿ ಎರಡು ಪದರ ಇವೆ: ಶೇರ್ ಪರ್ಮಿಷನ್ ಮತ್ತು ಎನ್‌ಟಿಎಫ್‌ಎಸ್ (ಡಿಸ್ಕ್‌ನಲ್ಲಿರುವ ಫೈಲ್‌ನ) ಪರ್ಮಿಷನ್. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಅಡ್ವಾನ್ಸ್ಡ್ ಶೇರಿಂಗ್‌ನಲ್ಲಿ ಮಾಡಿದ ಹೊಸ ಶೇರ್‌ನಲ್ಲಿ ಎವ್ರಿಒನ್‌ಗೆ ರೀಡ್ ಮಾತ್ರ ಇರುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಎಷ್ಟು ಕೊಟ್ಟರೂ ಬರೆಯಲಾಗದ್ದಕ್ಕೆ ಇದೇ ಕಾರಣ. ಶೇರ್ ಪದರ ಸಡಿಲ ಬಿಟ್ಟು, ನಿಜವಾದ ಬಿಗಿಯನ್ನು ಎನ್‌ಟಿಎಫ್‌ಎಸ್‌ನಲ್ಲಿ ಮಾಡಿ. ಜನರಿಗೆ ಫುಲ್ ಕಂಟ್ರೋಲ್ ಬೇಡ, ಮಾಡಿಫೈ ಸಾಕು. ಫುಲ್ ಕಂಟ್ರೋಲ್ ಇದ್ದವರು ಪರ್ಮಿಷನ್ನನ್ನೇ ಬದಲಿಸಬಲ್ಲರು.

ಒಂದು ಬಲೆ ಇಲ್ಲಿದೆ, ಲಿನಕ್ಸ್‌ನಲ್ಲೂ ಇದೆ. ಒಂದೇ ವಾಲ್ಯೂಮ್ ಒಳಗೆ ಫೈಲ್ ಮೂವ್ ಮಾಡಿದರೆ ಹಳೆಯ ಪರ್ಮಿಷನ್ ಜೊತೆಗೇ ಬರುತ್ತದೆ. ಕಾಪಿ ಮಾಡಿದರೆ ಹೊಸ ಫೋಲ್ಡರ್‌ನ ನಿಯಮ ಹಿಡಿಯುತ್ತದೆ. ಸ್ವಂತ ಫೋಲ್ಡರ್‌ನಿಂದ ಕಾಮನ್ ಫೋಲ್ಡರ್‌ಗೆ ಎಳೆದು ಹಾಕಿದ ಫೈಲ್ ಮಾತ್ರ ಯಾರಿಗೂ ತೆರೆಯುತ್ತಿಲ್ಲ ಎಂದರೆ ಇದೇ.

ಸಿನಾಲಜಿ, ಟ್ರೂನ್ಯಾಸ್‌ನಂಥ ನ್ಯಾಸ್ ಪೆಟ್ಟಿಗೆಗಳಲ್ಲಿ (ಫೈಲ್ ಶೇರ್‌ಗೆಂದೇ ಮಾಡಿದ ಡಿಸ್ಕ್ ಯಂತ್ರ) ಇದೆಲ್ಲ ಬ್ರೌಸರ್ ಪರದೆಯಲ್ಲೇ ಆಗುತ್ತದೆ. ಕೊಳ್ಳುವ ಖರ್ಚು ಇದೆ, ನೋಡಿಕೊಳ್ಳುವ ಖರ್ಚು ಕಡಿಮೆ. ಒಂದೇ ನಿಯಮ: ಪರದೆಯಲ್ಲಿ ಮಾಡಬೇಕಾದ್ದನ್ನು ಎಸ್‌ಎಸ್‌ಎಚ್‌ನಲ್ಲಿ ಮಾಡಬೇಡಿ. ಸಿನಾಲಜಿಯಲ್ಲಿ ಸಿಎಚ್‌ಮೋಡ್ ಕೊಟ್ಟರೆ ಅದರ ಎಸಿಎಲ್ ಕಳಚಿಹೋಗುತ್ತದೆ. ಟ್ರೂನ್ಯಾಸ್‌ನಲ್ಲಿ ಎಸಿಎಲ್ ಮೋಡ್ ರಿಸ್ಟ್ರಿಕ್ಟೆಡ್ ಇದ್ದರೆ ಸಿಎಚ್‌ಮೋಡ್ ನಡೆಯುವುದೇ ಇಲ್ಲ, ಬೈಸಿಕೊಂಡು ವಾಪಸ್ ಬರುತ್ತೀರಿ. ಡೇಟಾಸೆಟ್ ಮಾಡುವಾಗಲೇ ಎಸ್‌ಎಂಬಿ (ವಿಂಡೋಸ್ ಶೇರ್) ಪ್ರಿಸೆಟ್ ಆರಿಸಿದರೆ ಮುಂದಿನ ಎಷ್ಟೋ ರಗಳೆ ತಪ್ಪುತ್ತದೆ.

ನಿಮ್ಮ ಪರಿಸ್ಥಿತಿಗೆ

ಮನೆಯಲ್ಲಿ ಹಳೆಯ ಪಿಸಿ ಅಥವಾ ಪೈ, ಮೂರ್ನಾಲ್ಕು ಜನ: ಫೋರ್ಸ್ ಯೂಸರ್. ಅರ್ಧ ಗಂಟೆಯ ಕೆಲಸ, ದುಡ್ಡಿಲ್ಲ.

ಹತ್ತು ಜನರ ಡಿಟಿಪಿ ಅಥವಾ ಆಡಿಟ್ ಆಫೀಸು, ಎಲ್ಲರೂ ವಿಂಡೋಸ್, ಎಲ್ಲರಿಗೂ ಒಂದೇ ಹಕ್ಕು: ಸಾಂಬಾ ಮಾಸ್ಕ್ ಮತ್ತು ಫೋರ್ಸ್ ಗ್ರೂಪ್. ಲಿನಕ್ಸ್ ನೋಡುವವರು ಯಾರೂ ಇಲ್ಲದಿದ್ದರೆ ಎರಡು ಡಿಸ್ಕ್‌ನ ನ್ಯಾಸ್ ಕೊಳ್ಳಿ. ಅದರ ಬೆಲೆಯನ್ನು ಪ್ರತಿ ಸಲ ಕರೆಸುವ ಟೆಕ್ನಿಷಿಯನ್ ಚಾರ್ಜ್ ಜೊತೆ ಹೋಲಿಸಿ ನೋಡಿ, ಪರ್ಮಿಷನ್ ಗೋಳು ಆಗಾಗ ಬರುತ್ತಿದ್ದರೆ ಲೆಕ್ಕ ನ್ಯಾಸ್ ಕಡೆಗೇ ವಾಲುತ್ತದೆ.

ಸಾಂಬಾ, ಎಸ್‌ಎಫ್‌ಟಿಪಿ, ಸ್ಕ್ರಿಪ್ಟ್ ಎಲ್ಲ ಸೇರಿಕೊಂಡ ಸ್ಟುಡಿಯೊ ಅಥವಾ ಸಾಫ್ಟ್‌ವೇರ್ ತಂಡ: ಸೆಟ್‌ಜಿಐಡಿ ಮತ್ತು ಡೀಫಾಲ್ಟ್ ಎಸಿಎಲ್. ಕಲಿಯಲು ಒಂದು ದಿನ ಹೋಗುತ್ತದೆ, ಆಮೇಲೆ ಉಳಿಯುತ್ತದೆ. ಕಾಲೇಜು ಲ್ಯಾಬ್, ಪೂರ್ತಿ ಲಿನಕ್ಸ್: ಯುಮಾಸ್ಕ್ 002 ಮತ್ತು ಸೆಟ್‌ಜಿಐಡಿ ಸಾಕು, ಎಸಿಎಲ್ ಬೇಕೆಂದರೆ ಎನ್‌ಎಫ್‌ಎಸ್ 4.2. ಇಲಾಖೆವಾರು ಹಕ್ಕು ಬೇಕಾದ 50 ಜನರ ಕಂಪನಿ: ಎಸಿಎಲ್_ಎಕ್ಸ್‌ಆಟರ್ ಅಥವಾ ವಿಂಡೋಸ್ ಸರ್ವರ್. ಇವೆರಡರ ನಡುವೆ ನಿರ್ಧರಿಸುವುದು ಲೈಸೆನ್ಸ್ ದುಡ್ಡು ಮತ್ತು ನಿಮ್ಮಲ್ಲಿರುವ ಜನ, ತಂತ್ರಜ್ಞಾನ ಅಲ್ಲ.

ಯಾವುದನ್ನೇ ಆರಿಸಿ, ಒಂದನ್ನೇ ಇಡಿ. ಫೋರ್ಸ್ ಮೋಡ್, ಇನ್‌ಹೆರಿಟ್ ಪರ್ಮಿಷನ್ಸ್, ಎಸಿಎಲ್ ಮೂರೂ ಬೆರೆತ ಶೇರ್ ಅನ್ನು ಬಿಡಿಸುವುದು ಹೊಸದಾಗಿ ಮಾಡುವುದಕ್ಕಿಂತ ಕಷ್ಟ.

ಬದಲಿಸುವ ಮುನ್ನ ಗೆಟ್‌ಎಫ್‌ಎಸಿಎಲ್ ಮೈನಸ್ ದೊಡ್ಡ ಆರ್ ಕೊಟ್ಟು ಈಗಿರುವುದನ್ನೆಲ್ಲ ಒಂದು ಫೈಲ್‌ಗೆ ಬರೆಸಿಡಿ. ಎಡವಟ್ಟಾದರೆ ಸೆಟ್‌ಎಫ್‌ಎಸಿಎಲ್‌ನ ರಿಸ್ಟೋರ್ ಆಯ್ಕೆಗೆ ಆ ಫೈಲ್ ಕೊಟ್ಟರೆ ಮೊದಲಿನ ಸ್ಥಿತಿ ಬರುತ್ತದೆ. ಬರೆಸಿಟ್ಟಾಗ ಯಾವ ಫೋಲ್ಡರ್‌ನಲ್ಲಿ ನಿಂತಿದ್ದಿರೋ ಅಲ್ಲೇ ನಿಂತು ಓಡಿಸಿ. ಆಮೇಲೆ ಹಳೆಯ ಫೈಲ್‌ಗಳನ್ನು ಒಮ್ಮೆ ಸರಿಮಾಡಿ. ಕೊನೆಗೆ ಇಬ್ಬರು ಬೇರೆ ಬೇರೆ ಬಳಕೆದಾರರಿಂದ ಪರೀಕ್ಷೆ. ಮೊದಲನೆಯವರು ಹೊಸ ಫೋಲ್ಡರ್ ಮಾಡಿ ಅದರೊಳಗೆ ವರ್ಡ್ ಫೈಲ್ ಮಾಡಲಿ. ಎರಡನೆಯವರು ತೆರೆದು ಸೇವ್ ಮಾಡಲಿ. ಮತ್ತೆ ಮೊದಲನೆಯವರು ತೆರೆದು ಸೇವ್ ಮಾಡಲಿ. ಈ ಮೂರನೇ ಸೇವ್ ಕೂಡ ಆದರೆ ಮಾತ್ರ ಕ್ರಾನ್‌ನಲ್ಲಿರುವ ಹಳೆಯ 777 ಸಾಲನ್ನು ಅಳಿಸಿ.